ಭ್ರೂಣ ಸಾಯುವುದು ಎಣ್ಣೆಯ ಕೊರತೆಯಿಂದಲ್ಲ

ಕೊಬ್ಬಿನಾಮ್ಲ ತಯಾರಿಸುವ ಯಾವುದಾದರೂ ಮುಖ್ಯ ಕಿಣ್ವದ ಜೀನ್ ಕೆಟ್ಟರೆ ಬೀಜದೊಳಗಿನ ಭ್ರೂಣ ಅರ್ಧದಲ್ಲೇ ನಿಂತುಬಿಡಬಹುದು ಎಂಬುದನ್ನು ಸಂಶೋಧನಾ ವಿದ್ಯಾರ್ಥಿಗಳು ಸರಿಯಾಗಿಯೇ ಗುರುತಿಸುತ್ತಾರೆ. ಆದರೆ ನನ್ನ ಬಳಿ ಪರಿಶೀಲನೆಗೆ ಬರುವ ಪ್ರಬಂಧಗಳಲ್ಲಿ ಮುಂದಿನ ವಾಕ್ಯ ಹೆಚ್ಚುಕಡಿಮೆ ಒಂದೇ: ಬೀಜದಲ್ಲಿ ಎಣ್ಣೆ ಶೇಖರವಾಗದೆ, ಆಹಾರ ಸಾಲದೆ ಭ್ರೂಣ ಸತ್ತಿತು. ಈ ವಾಕ್ಯವನ್ನು ಹೊಡೆದುಹಾಕಿ ಹಾಕಿ ನನಗೆ ನಿಜಕ್ಕೂ ಸಾಕಾಗಿದೆ.

ಸಸ್ಯ ಪ್ರಯೋಗಗಳಲ್ಲಿ ಮಾದರಿಯಾಗಿ ಬಳಸುವ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಎಣ್ಣೆ ದೊಡ್ಡ ಪ್ರಮಾಣದಲ್ಲಿ ತುಂಬಿಕೊಳ್ಳುವುದು ಭ್ರೂಣದ ಅಂಗಗಳೆಲ್ಲ ರೂಪುಗೊಂಡ ಮೇಲೆ, ಬೀಜ ಬಲಿಯುವ ಹಂತದಲ್ಲಿ. ಅದು ಬಳಕೆಗೆ ಬರುವುದು ಇನ್ನೂ ತಡವಾಗಿ, ಬೀಜ ಮೊಳೆಯುವಾಗ. ಬೆಳೆಯುತ್ತಿರುವ ಭ್ರೂಣಕ್ಕೆ ಬೇಕಾದ ಸಕ್ಕರೆ ತಾಯಿಗಿಡದಿಂದಲೇ ಬರುತ್ತದೆ. ಹೀಗಿರುವಾಗ ಅಂಗಗಳು ಮೂಡುವ ಮೊದಲಿನ ಗೋಳಾಕಾರದ ಹಂತದಲ್ಲೇ ನಿಂತ ಭ್ರೂಣಕ್ಕೆ ಎಣ್ಣೆ ಸಾಲಲಿಲ್ಲ ಎನ್ನುವುದು, ಗೋಡೆ ಏಳುವ ಮೊದಲೇ ಇಟ್ಟಿಗೆ ಮುಗಿದ ಮನೆಯಲ್ಲಿ ಕಣಜ ತುಂಬಿಲ್ಲವೆಂದು ದೂರಿದಂತೆ. ಕೋಶವೊಂದು ಎರಡಾಗುವಾಗಲೆಲ್ಲ ಹೊಸ ಪೊರೆ ಬೇಕು, ಆ ಪೊರೆಯ ಲಿಪಿಡ್‌ಗಳಿಗೆ ಮುಖ್ಯವಾಗಿ 16 ಮತ್ತು 18 ಇಂಗಾಲಗಳ ಕೊಬ್ಬಿನಾಮ್ಲಗಳು ಬೇಕು. ಮೊದಲ ಕೊರತೆ ಕಾಣಿಸಿಕೊಳ್ಳುವುದು ಅಲ್ಲಿ.

ಕಾಸ್-2 ಕಿಣ್ವ ಇದಕ್ಕೆ ಒಳ್ಳೆಯ ಪುರಾವೆ. ಕೊಬ್ಬಿನಾಮ್ಲ ತಯಾರಾಗುವ ಕೋಶಾಂಗವಾದ ಪ್ಲಾಸ್ಟಿಡ್‌ನಲ್ಲಿ 16 ಇಂಗಾಲಗಳ ಸರಪಳಿಯನ್ನು 18ಕ್ಕೆ ಉದ್ದಗೊಳಿಸುವುದು ಇದರ ಕೆಲಸ. ಇದು ಪೂರ್ತಿ ಇಲ್ಲವಾದರೂ ಅದಕ್ಕೆ ಹಿಂದಿನ ಹಂತಗಳ ಕಿಣ್ವಗಳೆಲ್ಲ ಹಾಗೇ ಇರುತ್ತವೆ, 16 ಇಂಗಾಲಗಳವರೆಗಿನ ತಯಾರಿಕೆಗೆ ಅಡ್ಡಿಯಿಲ್ಲ. ಆದರೂ ಭ್ರೂಣ ಉಳಿಯುವುದಿಲ್ಲ. ಅಂದರೆ ಒಟ್ಟು ಪ್ರಮಾಣವಷ್ಟೇ ಅಲ್ಲ, ಸರಪಳಿಯ ಉದ್ದವೂ ಜೀವನ್ಮರಣದ ಪ್ರಶ್ನೆಯೇ. ಇದಕ್ಕೆ ತದ್ವಿರುದ್ಧವಾದದ್ದು ರಿಂಕಲ್ಡ್-1 ಎಂಬ ಮ್ಯುಟೆಂಟ್, ಅಂದರೆ ಜೀನೊಂದು ಕೆಟ್ಟ ಗಿಡ. 1998ರಲ್ಲಿ ವರದಿಯಾದ ಈ ಗಿಡದ ಬೀಜದಲ್ಲಿ ಎಣ್ಣೆ ಸುಮಾರು ಶೇ. 80ರಷ್ಟು ಕಡಿಮೆ. ಬೀಜ ಸುಕ್ಕುಗಟ್ಟುತ್ತದೆ, ನಿಜ, ಆದರೆ ಒಳಗಿನ ಭ್ರೂಣ ಬೇರು, ಬೀಜದೆಲೆಗಳ ಸಮೇತ ಪೂರ್ಣವಾಗಿರುತ್ತದೆ, ಮೊಳೆತು ಗಿಡವೂ ಆಗುತ್ತದೆ. ಎಣ್ಣೆಯ ಕೊರತೆಯೇ ಸಾವಿಗೆ ಕಾರಣವಾಗಿದ್ದರೆ ಈ ಗಿಡದ ಸಂತತಿ ನಮ್ಮ ಕೈಗೇ ಸಿಗುತ್ತಿರಲಿಲ್ಲ.

ತಪ್ಪಿನ ಮೂಲ ಎಲ್ಲಿದೆ ಎಂಬುದು ನನಗೆ ಪ್ರಯೋಗಾಲಯದ ಮೇಜಿನ ಬಳಿಯೇ ತಿಳಿಯಿತು. ವಿದ್ಯಾರ್ಥಿನಿಯೊಬ್ಬಳು, ಬಹಳ ಶ್ರದ್ಧೆಯವಳು, ಇಂಥ ಜೀನಿನ ಎರಡು ಪ್ರತಿಗಳಲ್ಲಿ ಒಂದು ಮಾತ್ರ ಕೆಟ್ಟ ಗಿಡದ ಒಣಗಿದ ಕಾಯಿಗಳನ್ನು ಒಡೆದು ಕಂದು ಬಣ್ಣದ ಜಳ್ಳು ಬೀಜಗಳನ್ನು ಎಣಿಸುತ್ತಿದ್ದಳು. ಜಳ್ಳನ್ನು ಕಂಡವರಿಗೆ ಹೊಟ್ಟೆಗಿಲ್ಲದೆ ಸತ್ತದ್ದು ಎನ್ನಿಸುವುದು ಸಹಜವೇ. ನಾನು ಅವಳಿಗೆ ಅಂಥದೇ ಗಿಡದ ಹಸಿರು ಕಾಯಿಯೊಂದನ್ನು ಸೂಜಿಯಿಂದ ಸೀಳಿಸಿದೆ. ಹಸಿರು ಬೀಜಗಳ ನಡುವೆ ಸುಮಾರು ನಾಲ್ಕರಲ್ಲೊಂದು ಬೆಳ್ಳಗೆ, ಆದರೆ ದುಂಡಗೆ ತುಂಬಿಕೊಂಡೇ ಇತ್ತು. ಅಂಥದೊಂದನ್ನು ಕ್ಲೋರಲ್ ಹೈಡ್ರೇಟ್ ದ್ರಾವಣದಲ್ಲಿ ಪಾರದರ್ಶಕವಾಗಿಸಿ ಸೂಕ್ಷ್ಮದರ್ಶಕದಡಿ ಇಟ್ಟಾಗ, ಪಕ್ಕದ ಬೀಜಗಳಲ್ಲಿ ಬೀಜದೆಲೆಗಳು ಉದ್ದವಾಗುತ್ತಿದ್ದ ಹೊತ್ತಿನಲ್ಲಿ ಇದರೊಳಗೆ ಕೋಶಗಳ ಪುಟ್ಟ ಗೋಳವೊಂದೇ ಇತ್ತು.

ಎಲ್ಲ ಕಿಣ್ವಗಳಿಗೂ ಒಂದೇ ವಿವರಣೆ ಹೊಂದುತ್ತದೆ ಎಂದು ಮಾತ್ರ ನಾನು ಹೇಳಲಾರೆ. ಸೈಟೋಸಾಲ್‌ನಲ್ಲಿರುವ (ಪ್ಲಾಸ್ಟಿಡ್‌ನ ಹೊರಗಿನ ಕೋಶದ್ರವದಲ್ಲಿರುವ) ಅಸೆಟೈಲ್-ಕೋಎ ಕಾರ್ಬಾಕ್ಸಿಲೇಸ್ ಎಂಬ ಕಿಣ್ವ ಒದಗಿಸುವ ಮೆಲೊನೈಲ್-ಕೋಎ ಎಂಬ ಕಚ್ಚಾವಸ್ತು ಅತಿ ಉದ್ದದ ಕೊಬ್ಬಿನಾಮ್ಲಗಳಿಗೆ ಬೇಕು. ಆ ಕಿಣ್ವ ಕೆಟ್ಟಾಗ ಭ್ರೂಣದ ತುದಿಭಾಗದಲ್ಲಿ ಬೀಜದೆಲೆಗಳು ಸರಿಯಾಗಿ ಮೂಡುವುದಿಲ್ಲ, ಅಲ್ಲಿ ಹದಗೆಡುವುದು ಅಂಗಗಳ ವಿನ್ಯಾಸ. ಇನ್ನೊಂದು ಎಚ್ಚರಿಕೆಯೂ ಬೇಕು. ದ್ವಿಗುಣ ನಿಷೇಚನದ ಕಾರಣ (ಒಂದೇ ಪರಾಗದ ಎರಡು ಪುಂಕೋಶಗಳಲ್ಲಿ ಒಂದು ಭ್ರೂಣಕ್ಕೆ, ಇನ್ನೊಂದು ಎಂಡೋಸ್ಪರ್ಮ್‌ಗೆ ಕಾರಣವಾಗುತ್ತದೆ) ಭ್ರೂಣದ ಪಕ್ಕದ ಪೋಷಕ ಅಂಗಾಂಶವಾದ ಎಂಡೋಸ್ಪರ್ಮ್‌ನಲ್ಲೂ ಅದೇ ಜೀನ್ ಕೆಟ್ಟಿರುತ್ತದೆ. ದೋಷ ಯಾವುದರಲ್ಲಿ ಮೊದಲಾಯಿತು ಎಂಬುದು ಬಿಳಿ ಬೀಜಗಳನ್ನು ಎಣಿಸಿದ ಮಾತ್ರಕ್ಕೆ ತಿಳಿಯುವುದಿಲ್ಲ. ಭ್ರೂಣದಲ್ಲಿ ಮಾತ್ರ ಕೆಲಸ ಮಾಡುವ ಪ್ರಮೋಟರ್‌ನಿಂದ (ಜೀನನ್ನು ಚಾಲೂ ಮಾಡುವ ಡಿಎನ್‌ಎ ಭಾಗದಿಂದ) ಆ ಜೀನನ್ನು ಮರಳಿ ಕೊಟ್ಟು, ಭ್ರೂಣ ಮುಂದಿನ ಹಂತಕ್ಕೆ ದಾಟುತ್ತದೆಯೇ ಎಂದು ನೋಡಿದ ಮೇಲೆ ಬರೆದ ವಾಕ್ಯಕ್ಕೆ ನಾನು ಸಂತೋಷದಿಂದ ಸಹಿ ಹಾಕುತ್ತೇನೆ.