ಹುಷಾರು ಅಂದ್ರೆ ಎಂತ?

ಬೆಂಗಳೂರಲ್ಲಿ ಇದ್ದಾಗ ಒಮ್ಮೆ ರೂಮಲ್ಲಿ "ನನ್ನ ತಮ್ಮ ಲೆಕ್ಕದಲ್ಲಿ ಅಷ್ಟು ಹುಷಾರಿಲ್ಲ" ಅಂದೆ, ಹಾಸನದ ಹುಡುಗ ಒಬ್ಬ ಕೂಡ್ಲೆ "ಯಾಕೆ, ಜ್ವರಾನಾ?" ಅಂತ ಕೇಳಿದ. ಅವರ ಕಡೆ ಹುಷಾರಿಲ್ಲ ಅಂದ್ರೆ ಮೈ ಸರಿ ಇಲ್ಲ ಅಂತ. ನಮ್ಮ ಮಂಗಳೂರು ಉಡುಪಿಯಲ್ಲಿ ಅದೂ ಉಂಟು, ಅದರ ಜೊತೆ ಓದ್ಲಿಕ್ಕೆ ಚುರುಕು ಅಂತ ಹೇಳ್ಲಿಕ್ಕೂ ಇದೇ ಶಬ್ದ, "ಅವಳು ಭಾರಿ ಹುಷಾರು ಮಾರಾಯ್ರೆ". ಮಳೆಗಾಲದಲ್ಲಿ ಬೈಕ್ ಹೊರಗೆ ತೆಗೆದ್ರೆ ಅಮ್ಮ "ಹುಷಾರು ಮಗಾ" ಅಂತಾರೆ, ಅಲ್ಲಿ ಅದು ಜಾಗ್ರತೆ. ಮೂಲ ಪರ್ಷಿಯನ್ ಭಾಷೆಯ ಹೋಶಿಯಾರ್, ಹೋಶ್ ಅಂದ್ರೆ ಎಚ್ಚರ. ಅಂದ್ರೆ ಹುಟ್ಟುವಾಗ ಈ ಶಬ್ದಕ್ಕೂ ಮಾರ್ಕಿಗೂ ಸಂಬಂಧವೇ ಇರ್ಲಿಲ್ಲ, ಎಚ್ಚರ ಇರುವವ ಹುಷಾರು, ಅಷ್ಟೇ.

ನಮ್ಮಲ್ಲಿ ಅದು ಮಾರ್ಕಿಗೆ ಅಂಟಿಕೊಂಡದ್ದಕ್ಕೆ ಕಾರಣ ಉಂಟು. ಬುದ್ಧಿವಂತರ ಜಿಲ್ಲೆ ಅಂತ ಹೆಸರು, ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ್ರೆ 2024ರಲ್ಲಿ ಉಡುಪಿ 94 ಪರ್ಸೆಂಟ್ ತೆಗೆದು ಫಸ್ಟ್, 2025ರಲ್ಲಿ ದಕ್ಷಿಣ ಕನ್ನಡ ಫಸ್ಟ್ ಉಡುಪಿ ಸೆಕೆಂಡ್. ಖುಷಿಯ ವಿಷಯವೇ, ಅದರ ಹಿಂದೆ ಟೀಚರುಗಳ ಎಷ್ಟೋ ವರ್ಷದ ಕೆಲಸ ಉಂಟು. ಆದ್ರೆ ಅದೇ ಊರಲ್ಲಿ 45 ಪರ್ಸೆಂಟ್ ತೆಗೆದ ಮಗುವಿಗೆ ಮದುವೆ, ಗೃಹಪ್ರವೇಶ, ಎಲ್ಲಿಗೆ ಹೋದ್ರೂ "ಇವ ಅಷ್ಟು ಹುಷಾರಿಲ್ಲ" ಅಂತ ಅದರ ಎದುರಿಗೇ ಹೇಳ್ತಾರೆ, ಆ ಮಗು ಎಲೆ ಮುಂದೆ ತಲೆ ತಗ್ಗಿಸಿ ಕೂತದ್ದನ್ನು ನಾನು ನೋಡಿದ್ದೇನೆ, ಹಾಗಾಗಿ ಈ ಒಂದು ಶಬ್ದದ ಒಳಗೆ ನಾವು ಎಷ್ಟೆಲ್ಲ ಬೇರೆ ಬೇರೆ ಸಂಗತಿ ತುರುಕಿದ್ದೇವೆ ಅಂತ ಬಿಡಿಸಿ ಹೇಳುವ ಅನಿಸಿತು.

ಮೊದಲಿನದ್ದು ತಲೆಯ ಚುರುಕು. ಬೇಗ ಅರ್ಥ ಆಗುದು, ನೆನಪು ನಿಲ್ಲುದು, ಒಂದು ಲೆಕ್ಕ ನೋಡಿ ಇನ್ನೊಂದು ಬಿಡಿಸ್ಲಿಕ್ಕೆ ಆಗುದು. ಐಕ್ಯೂ ಅಂತ ಅಳೆಯುದು ಹೆಚ್ಚುಕಮ್ಮಿ ಇದನ್ನೇ. ಇದರ ಕತೆ ಶುರು ಆದದ್ದು ಪ್ಯಾರಿಸ್ಸಲ್ಲಿ, 1905ರಲ್ಲಿ ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೋನ್ ಅನ್ನುವವರು ಮಕ್ಕಳಿಗೆ ಒಂದು ಪರೀಕ್ಷೆ ಮಾಡಿದ್ರು, ಯಾಕಂದ್ರೆ ಶಾಲೆಯಲ್ಲಿ ಯಾವ ಮಗುವಿಗೆ ಜಾಸ್ತಿ ಸಹಾಯ ಬೇಕು ಅಂತ ಗೊತ್ತಾಗ್ಬೇಕಿತ್ತು. ಇದನ್ನು ಎರಡು ಸಲ ಓದಿ ದಯವಿಟ್ಟು. ಯಾರು ದಡ್ಡ ಅಂತ ಹಣೆಪಟ್ಟಿ ಹಚ್ಚಲಿಕ್ಕೆ ಅಲ್ಲ, ಯಾರಿಗೆ ಎಲ್ಲಿ ಕೈ ಹಿಡಿದು ಹೇಳಿ ಕೊಡ್ಬೇಕು ಅಂತ ತಿಳಿಲಿಕ್ಕೆ. ಬುದ್ಧಿ ಬೆಳೀತದೆ, ಅಭ್ಯಾಸ ಮಾಡಿಸಿದ್ರೆ ಸುಧಾರಿಸ್ತದೆ ಅಂತಲೇ ಬಿನೆ ನಂಬಿದ್ದದ್ದು. ಮತ್ತೆ ಅದು ಅಮೆರಿಕಕ್ಕೆ ಹೋಗಿ 1916ರಲ್ಲಿ ಸ್ಟ್ಯಾನ್‌ಫರ್ಡ್-ಬಿನೆ ಆಯ್ತು, ಕನ್ನಡಕ್ಕೂ ಬಂತು, ವಿ. ವಿ. ಕಾಮತ್ ಅವರು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗುವ ಹಾಗೆ ತಿದ್ದಿದ ಬಿನೆ-ಕಾಮತ್ ಟೆಸ್ಟ್ ಹೆಸರನ್ನು ಮಕ್ಕಳ ಡಾಕ್ಟರ್ ರಿಪೋರ್ಟಲ್ಲಿ ಕೆಲವರು ನೋಡಿರ್ಬಹುದು. ಈಗಿನ ಲೆಕ್ಕದಲ್ಲಿ ಸರಾಸರಿ 100, ನೂರರಲ್ಲಿ ಸುಮಾರು 68 ಜನ 85ರಿಂದ 115ರ ಒಳಗೇ ಇರ್ತಾರೆ. ಮೊಬೈಲಲ್ಲಿ ಹತ್ತು ಪ್ರಶ್ನೆ ಒತ್ತಿ 142 ಬಂತು ಅಂತ ಸ್ಟೇಟಸ್ ಹಾಕ್ತಾರಲ್ಲ, ಅದನ್ನು ಇದರ ಸಾಲಿಗೆ ಸೇರಿಸ್ಲಿಕ್ಕೆ ಆಗುದಿಲ್ಲ.

ಐಕ್ಯೂ ಸುಳ್ಳು ಅಂತ ನಾನು ಹೇಳುದಿಲ್ಲ, ಓದಿನಲ್ಲಿ ಕೆಲಸದಲ್ಲಿ ಅದರ ಪಾಲು ಖಂಡಿತ ಉಂಟು. ಆದ್ರೆ ಪಾಲು ಮಾತ್ರ. ಲೂಯಿಸ್ ಟರ್ಮನ್ ಅನ್ನುವ ಮನಶ್ಶಾಸ್ತ್ರಜ್ಞರು 1921ರಿಂದ ಕ್ಯಾಲಿಫೋರ್ನಿಯಾದಲ್ಲಿ ಐಕ್ಯೂ ತುಂಬಾ ಜಾಸ್ತಿ ಇದ್ದ ಸುಮಾರು 1,500 ಮಕ್ಕಳನ್ನು ಆರಿಸಿ ಜೀವನಪೂರ್ತಿ ಗಮನಿಸ್ತಾ ಬಂದ್ರು, ಆ ಮಕ್ಕಳಲ್ಲಿ ಹೆಚ್ಚಿನವರು ಒಳ್ಳೆ ಕೆಲಸಕ್ಕೆ ಹೋದ್ರು, ನೊಬೆಲ್ ಮಾತ್ರ ಒಬ್ಬರಿಗೂ ಬರ್ಲಿಲ್ಲ. ಟೆಸ್ಟಲ್ಲಿ ಸ್ಕೋರ್ ಸಾಲದೆ ಆಗ ಬಿಟ್ಟುಹೋದ ಇಬ್ಬರು ಹುಡುಗರಿಗೆ ಬಂತು, ವಿಲಿಯಂ ಶಾಕ್ಲಿಗೆ 1956ರಲ್ಲಿ, ಲೂಯಿಸ್ ಆಲ್ವಾರೆಜ್‌ಗೆ 1968ರಲ್ಲಿ.

ಇನ್ನು ಎರಡನೇದ್ದು, ಇದಕ್ಕೆ ನಮ್ಮ ದೊಡ್ಡಮ್ಮನ ವಿಷಯ ಹೇಳ್ಬೇಕು. ಮನೆ ಸುರತ್ಕಲ್ ಹತ್ರ, ಓದಿದ್ದು ಐದನೇ ಕ್ಲಾಸು, ಬೀಡಿ ಕಟ್ಟಿ ಮೂರು ಮಕ್ಕಳನ್ನು ಓದಿಸಿದ್ರು. ರಾತ್ರಿ ಊಟ ಆದ ಮೇಲೆ ಎಲೆ ನೆನೆಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಇಡುದು, ಬೆಳಿಗ್ಗೆ ತಗಡಿನ ಅಳತೆ ಇಟ್ಟು ಒಂದೊಂದೇ ಎಲೆ ಕತ್ತರಿಸುದು, ಮತ್ತೆ ತಡ್ಪೆ, ಅಂದ್ರೆ ಮೊರ, ಮಡಿಲಲ್ಲಿ ಇಟ್ಟುಕೊಂಡು ಹೊಗೆಸೊಪ್ಪು ಹಾಕಿ ಸುತ್ತಿ ತುದಿ ಮಡಚಿ ನೂಲು ಬಿಗಿದು 25ರ ಕಟ್ಟು ಮಾಡುದು. ಕೈ ನಡೀತಾ ಇರುವಾಗ ನಮ್ಮ ಹತ್ರ ಮಾತಾಡ್ತಾ ಇದ್ರೂ ಎಣಿಕೆ ತಪ್ಪುದಿಲ್ಲ. ಕಟ್ಟಿದ ಬೀಡಿ ಕೊಡುವ ಬ್ರಾಂಚಲ್ಲಿ ಸಡಿಲ ಬೀಡಿ, ಎಲೆ ಹರಿದ ಬೀಡಿ ಎಲ್ಲ ಆರಿಸಿ ಬದಿಗೆ ಹಾಕ್ತಾರೆ, ದೊಡ್ಡಮ್ಮನ ಕಟ್ಟಿಂದ ಬದಿಗೆ ಬೀಳುದು ತುಂಬಾ ಕಮ್ಮಿ. ನಾಳೆ ನೇಮಕ್ಕೆ, ಅಂದ್ರೆ ಭೂತಕೋಲಕ್ಕೆ, ಹೋಗ್ಲಿಕ್ಕೆ ಉಂಟು ಅಂದ್ರೆ ನಾಳೆಯ ಬೀಡಿ ಇವತ್ತೇ ಮುಗೀಬೇಕು. ಇಷ್ಟೆಲ್ಲ ಮಾಡಿದವರನ್ನು ಹುಷಾರು ಅಂತ ಮನೆಯಲ್ಲಿ ಯಾರೂ ಹೇಳಿದ್ದು ಕೇಳ್ಲಿಲ್ಲ, ಅವರೇ "ನಂಗೆ ಎಂತ ಗೊತ್ತುಂಟು ಮಗಾ" ಅಂತಿದ್ರು.

ಮನಶ್ಶಾಸ್ತ್ರದಲ್ಲಿ ಈ ಗುಣಕ್ಕೆ ಕಾನ್ಶಿಯೆನ್ಷಿಯಸ್‌ನೆಸ್ ಅಂತ ದೊಡ್ಡ ಹೆಸರು. ನನ್ನ ಪ್ರಕಾರ ಕನ್ನಡದಲ್ಲಿ ಅಚ್ಚುಕಟ್ಟುತನ ಅಂದ್ರೆ ಸಾಕು, ಹಿಡಿದ ಕೆಲಸ ಹೇಳಿದ ಹೊತ್ತಿಗೆ ಸರಿಯಾಗಿ ಮುಗಿಸುವ ಸ್ವಭಾವ. ಮನುಷ್ಯರ ಸ್ವಭಾವವನ್ನು ಐದು ಗುಣಗಳಲ್ಲಿ ಅಳೆಯುವ ಬಿಗ್ ಫೈವ್ ಅಂತ ಒಂದು ಕ್ರಮ ಉಂಟು, ಅದರಲ್ಲಿ ಇದೊಂದು, ಉಳಿದದ್ದು ಹೊಸದರ ಕಡೆ ಕುತೂಹಲ, ಜನರ ಜೊತೆ ಬೆರೆಯುದು, ಹೊಂದಿಕೊಂಡು ಹೋಗುದು, ಮನಸ್ಸಿನ ತಳಮಳ. ಬ್ಯಾರಿಕ್ ಮತ್ತು ಮೌಂಟ್ ಅನ್ನುವ ಇಬ್ಬರು 1991ರಲ್ಲಿ 117 ಅಧ್ಯಯನ ಒಟ್ಟು ಮಾಡಿ ನೋಡಿದಾಗ, ಪೊಲೀಸರಿರ್ಲಿ ಸೇಲ್ಸಿನವರಿರ್ಲಿ ಮ್ಯಾನೇಜರಿರ್ಲಿ, ಅವರು ನೋಡಿದ ಎಲ್ಲಾ ಬಗೆಯ ಕೆಲಸದಲ್ಲೂ ಒಳ್ಳೆ ಕೆಲಸಗಾರರಿಗೆ ಹೊಂದಿ ಬಂದ ಗುಣ ಈ ಅಚ್ಚುಕಟ್ಟುತನವೇ.

ಹದಿನಾರು ಟೈಪಿನ ಪರ್ಸನಾಲಿಟಿ ಟೆಸ್ಟ್ ಬೇರೆ, ನಾಲ್ಕು ಅಕ್ಷರ ಕೊಡ್ತದಲ್ಲ ಐಎನ್‌ಟಿಜೆ ಅಂತೆಲ್ಲ, ಆಫೀಸುಗಳಲ್ಲಿ ಮಾಡಿಸುದು. ಅಮೆರಿಕದ ತಾಯಿ ಮಗಳು, ಕ್ಯಾಥರಿನ್ ಬ್ರಿಗ್ಸ್ ಮತ್ತು ಇಸಬೆಲ್ ಮೈಯರ್ಸ್, ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ ಅವರ ವಿಚಾರ ಹಿಡಿದು ಮಾಡಿದ್ದು ಅದು. ತಮಾಷೆಗೆ ನೋಡ್ಲಿಕ್ಕೆ ಅಡ್ಡಿಲ್ಲ, ಅದನ್ನು ಹಿಡಿದು ಕೋರ್ಸು ಕೆಲಸ ಆರಿಸ್ಬೇಡಿ, ಕೆಲವು ವಾರ ಬಿಟ್ಟು ಮತ್ತೆ ಮಾಡಿದ್ರೆ ಸುಮಾರು ಜನರಿಗೆ ಬೇರೆ ಅಕ್ಷರ ಬರ್ತದೆ. ಹೆಚ್ಚಿನವರು ನಡುವಲ್ಲೇ ಇರುದು, ನಡುವಿಗೆ ಗೆರೆ ಎಳೆದು ಈಚೆಯವ ಮೌನಿ ಆಚೆಯವ ಮಾತಿನವ ಅಂದ್ರೆ ಹೇಗೆ ಸರಿ ಆಗ್ತದೆ?

ಮೂರನೇದ್ದನ್ನು ನಾವು ಹೇಳುದೇ ಇಲ್ಲ, ಮನೆಯ ಸ್ಥಿತಿ. ಮಗುವಿನ ಎದುರು ಒಂದು ಸ್ವೀಟ್ ಇಟ್ಟು, ಈಗ ತಿನ್ನದೆ ಕಾದ್ರೆ ಎರಡು ಸಿಗ್ತದೆ ಅನ್ನುವ ಸ್ಟ್ಯಾನ್‌ಫರ್ಡಿನ ಪ್ರಯೋಗ ಕೇಳಿರ್ಬಹುದು, ಕಾದ ಮಕ್ಕಳು ಮುಂದೆ ಚೆನ್ನಾಗಿ ಓದಿದ್ರು ಅಂತ. 2018ರಲ್ಲಿ 900ಕ್ಕಿಂತ ಜಾಸ್ತಿ ಮಕ್ಕಳ ಲೆಕ್ಕ ಹಿಡಿದು ಮತ್ತೆ ನೋಡಿದ್ರು, ಮನೆಯ ಪರಿಸ್ಥಿತಿ, ತಾಯಿಯ ಓದು ಎಲ್ಲ ಸೇರಿಸಿ ನೋಡಿದಾಗ ಕಾಯುವುದಕ್ಕೂ ಮುಂದಿನ ಓದಿಗೂ ಇದ್ದ ನಂಟು ತುಂಬಾ ಸಪೂರ ಆಯ್ತು. ದೊಡ್ಡಮ್ಮನಿಗೆ ಆರನೇ ಕ್ಲಾಸಿಗೆ ಹೋಗ್ಲಿಕ್ಕೆ ಆಗದ್ದು ತಲೆ ಓಡದೆ ಅಲ್ಲ, ಕೆಳಗೆ ನಾಲ್ಕು ತಮ್ಮ ತಂಗಿಯರಿದ್ರು.

ಮೊನ್ನೆ ಅಕ್ಕ ಫೋನಲ್ಲಿ ಎಂಟನೇ ಕ್ಲಾಸಿನ ಮಗಳ ಬಗ್ಗೆ "ಇವಳು ಅಷ್ಟು ಹುಷಾರಿಲ್ಲ ಮಾರಾಯ" ಅಂದ್ಳು. ಯಾವುದ್ರಲ್ಲಿ ಅಂತ ಕೇಳಿದೆ. ಎಲ್ಲದ್ರಲ್ಲಿಯೂ ಅಂದ್ಳು ಮೊದಲು, ನಾನು ಬಿಡ್ಲಿಲ್ಲ, ಕನ್ನಡ? ಕನ್ನಡ ಓದ್ತಾಳೆ. ಸಮಾಜ? ಅದೂ ಆಗ್ತದೆ. ಲೆಕ್ಕ? ಸ್ವಲ್ಪ ಹೊತ್ತು ಸುಮ್ಮನಿದ್ದು "ಲೆಕ್ಕದಲ್ಲಿ ಭಿನ್ನರಾಶಿ ಬಂದ್ರೆ ತಡಬಡಿಸ್ತಾಳೆ" ಅಂದ್ಳು. ಭಿನ್ನರಾಶಿ ಆದ್ರೆ ಕೂತು ಹೇಳಿ ಕೊಡುವ, ಶನಿವಾರ ಬರ್ತೇನೆ ಅಂತ ಹೇಳಿದ್ದೇನೆ.