ಸಕ್ಕರೆ ಬಿಟ್ಟು ಸಿಹಿ ತಿಂದರೆ ದೇಹದಲ್ಲಿ ಏನಾಗುತ್ತದೆ? ಒಂದು ಹಳೆಯ ಜಗಳದ ಹಿನ್ನೆಲೆ

ಸ್ವೀಟ್ನರ್, ಅಂದರೆ ಸಕ್ಕರೆ ಬದಲು ಸಿಹಿ ಕೊಡುವ ವಸ್ತುವಿನಿಂದ ಕ್ಯಾನ್ಸರ್ ಬರುತ್ತದೆ ಅಂತ ಒಂದು ಸುದ್ದಿ, ಏನೂ ಆಗುವುದಿಲ್ಲ ಅಂತ ಇನ್ನೊಂದು. ಓದುವವರಿಗೆ ತಲೆ ಕೆಡದೆ ಇರುತ್ತದಾ? ನಾಲಿಗೆಗೆ ಎಲ್ಲವೂ ಸಿಹಿಯೇ, ಆದರೆ ಗಂಟಲು ಇಳಿದ ಮೇಲೆ ಒಂದೊಂದರ ದಾರಿ ಒಂದೊಂದು. ಎಲ್ಲವನ್ನೂ ಸೇರಿಸಿ ಒಂದೇ ತೀರ್ಪು ಕೊಡಲು ಹೋಗಿದ್ದರಿಂದಲೇ ಇಷ್ಟು ಗೊಂದಲ.

ಸಕ್ಕರೆಯದು ಗೊತ್ತಿರುವ ಕಥೆ. ಸಣ್ಣ ಕರುಳಿನಲ್ಲಿ ಅದು ಒಡೆದು ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್ ಆಗುತ್ತದೆ. ಗ್ಲೂಕೋಸ್ ರಕ್ತಕ್ಕೆ ಸೇರಿ ಇನ್ಸುಲಿನ್ ಏರಿಸುತ್ತದೆ. ಫ್ರಕ್ಟೋಸ್ ಹೆಚ್ಚಾಗಿ ಲಿವರ್‌ಗೆ ಹೋಗುತ್ತದೆ, ಜಾಸ್ತಿಯಾದರೆ ಅಲ್ಲೇ ಕೊಬ್ಬಾಗುತ್ತದೆ. ಮೆಕ್ಕೆಜೋಳದಿಂದ ಮಾಡುವ ಸಿಹಿ ಪಾಕ, ಕಾರ್ನ್ ಸಿರಪ್ಪನ್ನು, ಫ್ರಕ್ಟೋಸ್ ಜಾಸ್ತಿ ಅಂತ ಬಹಳ ಬೈದರು. ಆದರೆ ತಂಪು ಪಾನೀಯಕ್ಕೆ ಹಾಕುವ ಸಿರಪ್‌ನಲ್ಲೂ ಫ್ರಕ್ಟೋಸ್ ಸುಮಾರು 55%, ಅಂದರೆ ಸಕ್ಕರೆಗಿಂತ ಸ್ವಲ್ಪವೇ ಹೆಚ್ಚು.

ನಿಜವಾದ ಜಗಳ ಶುರುವಾಗಿದ್ದು ಸ್ಯಾಕರಿನ್ ಎಂಬ ಕೃತಕ ಸ್ವೀಟ್ನರ್‌ನಿಂದ. 1879ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಲ್ಯಾಬ್‌ನಲ್ಲಿ ಕಾನ್ಸ್ಟಂಟಿನ್ ಫಾಲ್‌ಬರ್ಗ್ ಅದನ್ನು ಕಂಡುಹಿಡಿದರು. ದೇಹ ಅದನ್ನು ಒಡೆಯುವುದೇ ಇಲ್ಲ, ಹೀರಿಕೊಂಡಿದ್ದು ಹಾಗೇ ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಸುಮಾರು ನೂರು ವರ್ಷ ಬಳಕೆಯಲ್ಲಿದ್ದ ಮೇಲೆ, 1977ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದನ್ನು ನಿಷೇಧಿಸಲು ಹೊರಟಿತು. ಕೆನಡಾದ ಪ್ರಯೋಗದಲ್ಲಿ ಇಲಿಗಳಿಗೆ ಆಹಾರದ 5% ಸ್ಯಾಕರಿನ್ನೇ ಕೊಟ್ಟಿದ್ದರು, ಗಂಡು ಇಲಿಗಳ ಮೂತ್ರಕೋಶದಲ್ಲಿ ಗೆಡ್ಡೆ ಬಂದಿತ್ತು. ಪ್ರಾಣಿಗೆ ಕ್ಯಾನ್ಸರ್ ತರುವ ಯಾವುದನ್ನೂ ಆಹಾರಕ್ಕೆ ಸೇರಿಸಬಾರದು ಅಂತ 1958ರ ಅಮೆರಿಕದ ಕಾನೂನು ಹೇಳುತ್ತಿತ್ತು, ಪ್ರಮಾಣ ಎಷ್ಟು ಅಂತ ಕೇಳುವುದಕ್ಕೆ ಅದರಲ್ಲಿ ಜಾಗವೇ ಇರಲಿಲ್ಲ. ಅಷ್ಟರಲ್ಲಿ ಸೈಕ್ಲಮೇಟ್ ಎಂಬ ಇನ್ನೊಂದು ಸ್ವೀಟ್ನರ್ ಅಲ್ಲಿ ನಿಷೇಧವಾಗಿತ್ತು, ಹಾಗಾಗಿ ಡಯಾಬಿಟಿಸ್ ಇರುವವರಿಗೆ ಉಳಿದಿದ್ದು ಸ್ಯಾಕರಿನ್ ಒಂದೇ. ಜನ ಗಲಾಟೆ ಮಾಡಿದರು, ಸಂಸತ್ತು ನಿಷೇಧ ತಡೆದು ಎಚ್ಚರಿಕೆಯ ಲೇಬಲ್ ಹಾಕಿಸಿತು.

ಇಲಿಗೆ ಆಗಿದ್ದೇನು ಅಂತ ತಿಳಿಯಲು ವರ್ಷಗಳೇ ಬೇಕಾದವು. ಗಂಡು ಇಲಿಯ ಮೂತ್ರದಲ್ಲಿ ಪ್ರೋಟೀನ್, ಕ್ಯಾಲ್ಸಿಯಂ, ಫಾಸ್ಫೇಟ್ ಜಾಸ್ತಿ. ಅಷ್ಟೊಂದು ಸ್ಯಾಕರಿನ್ ಸೇರಿದಾಗ ಸಣ್ಣ ಹರಳುಗಳು ಕಟ್ಟುತ್ತವೆ, ಅವು ಮೂತ್ರಕೋಶದ ಒಳಪದರವನ್ನು ಗೀರುತ್ತವೆ, ಗಾಯ ಮಾಯಲು ಜೀವಕೋಶಗಳು ಮತ್ತೆ ಮತ್ತೆ ಬೆಳೆಯುತ್ತವೆ, ಕೊನೆಗೆ ಗೆಡ್ಡೆ. ಮನುಷ್ಯರ ಮೂತ್ರ ಹಾಗಿಲ್ಲ. 2000ದಲ್ಲಿ ಲೇಬಲ್ ತೆಗೆದರು. ಆದರೆ 23 ವರ್ಷ ಅದನ್ನು ಓದಿದವರ ಭಯ ಲೇಬಲ್ ಜೊತೆ ಹೋಗಲಿಲ್ಲ.

ಅದೇ ಭಯ ಡಯೆಟ್ ಪಾನೀಯಗಳಿಗೆ ಹಾಕುವ ಆಸ್ಪರ್ಟೇಮ್ ಎಂಬ ಸ್ವೀಟ್ನರ್‌ಗೂ ಅಂಟಿತು. ಇದರ ದಾರಿ ಪೂರ್ತಿ ಬೇರೆ: ಕರುಳಿನಲ್ಲೇ ಒಡೆದು ಎರಡು ಅಮೈನೋ ಆಮ್ಲ ಮತ್ತು ಸ್ವಲ್ಪ ಮೆಥನಾಲ್ ಆಗುತ್ತದೆ. ಆ ಎರಡರಲ್ಲಿ ಒಂದು ಫೀನೈಲ್ಅಲನೈನ್, ಪಿಕೆಯು ಎಂಬ ಹುಟ್ಟು ಕಾಯಿಲೆ ಇರುವವರಿಗೆ ಅದು ನಿಜಕ್ಕೂ ಅಪಾಯ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಐಎಆರ್‌ಸಿ ಆಸ್ಪರ್ಟೇಮನ್ನು 'ಕ್ಯಾನ್ಸರ್ ತರುವ ಸಾಧ್ಯತೆ ಇರುವ' 2ಬಿ ಗುಂಪಿಗೆ ಸೇರಿಸಿದಾಗ ದೊಡ್ಡ ಸುದ್ದಿಯಾಯಿತು. ಆ ಗುಂಪು ಸಾಕ್ಷ್ಯ ಎಷ್ಟು ಗಟ್ಟಿ ಅಂತ ಹೇಳುತ್ತದೆ, ಎಷ್ಟು ತಿಂದರೆ ಅಪಾಯ ಅಂತಲ್ಲ. ಅದೇ ದಿನ ಇನ್ನೊಂದು ತಜ್ಞರ ಸಮಿತಿ ದೇಹತೂಕದ ಕಿಲೋಗೆ ದಿನಕ್ಕೆ 40 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನು ಹಾಗೇ ಉಳಿಸಿತು. 70 ಕಿಲೋ ತೂಕದವರು ಅದನ್ನು ದಾಟಬೇಕಾದರೆ ದಿನಕ್ಕೆ 9ರಿಂದ 14 ಕ್ಯಾನ್ ಡಯೆಟ್ ಪಾನೀಯ ಕುಡಿಯಬೇಕು. ಈ ಮಾತು ತಲೆಬರಹದಲ್ಲಿ ಬರಬೇಕಿತ್ತು ಅಲ್ವಾ?

ಹಾಗಂತ ಎಲ್ಲ ಸರಿ ಇದೆ ಅಂತಲ್ಲ. ಸುಕ್ರಲೋಸ್ ಎಂಬ ಕೃತಕ ಸ್ವೀಟ್ನರನ್ನು ದೇಹ ಬಹುಪಾಲು ಹೀರಿಕೊಳ್ಳದೆ ಹೊರಗೆ ಕಳಿಸುತ್ತದೆ, ಸ್ಟೀವಿಯಾ ಗಿಡದ ಎಲೆಯಿಂದ ಬರುವ ಸ್ವೀಟ್ನರನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಒಡೆಯುತ್ತವೆ. ಹೊರಗೆ ಹೋಗುವ ವಸ್ತು ಸುಮ್ನೆ ಹೋಗುತ್ತದೆ ಅಂತ ಬಹುಕಾಲ ಅಂದುಕೊಂಡಿದ್ದರು. 2022ರಲ್ಲಿ 120 ಜನರ ಮೇಲೆ ನಡೆದ ಪ್ರಯೋಗದಲ್ಲಿ ಎರಡೇ ವಾರಕ್ಕೆ ಸ್ಯಾಕರಿನ್ ಮತ್ತು ಸುಕ್ರಲೋಸ್ ಕೆಲವರ ಗ್ಲೂಕೋಸ್ ನಿಯಂತ್ರಣವನ್ನು ಏರುಪೇರು ಮಾಡಿದವು, ಕರುಳಿನ ಬ್ಯಾಕ್ಟೀರಿಯಾಗಳೂ ಬದಲಾದವು. ಆದರೆ ಎಲ್ಲರಲ್ಲೂ ಒಂದೇ ರೀತಿ ಆಗಲಿಲ್ಲ.

ಈಗಿನ ಚರ್ಚೆ ಎರಿಥ್ರಿಟಾಲ್ ಎಂಬ ಇನ್ನೊಂದು ಸ್ವೀಟ್ನರ್‌ದು. ಇದು ಸಣ್ಣ ಕರುಳಿನಿಂದ ರಕ್ತಕ್ಕೆ ಹೋಗಿ, ಹೆಚ್ಚಿನಂಶ ಬದಲಾಗದೆ ಮೂತ್ರದಲ್ಲಿ ಹೊರಬರುತ್ತದೆ. ರಕ್ತದಲ್ಲಿ ಇದು ಹೆಚ್ಚಿದ್ದವರಿಗೆ ಹೃದಯಾಘಾತ, ಪಾರ್ಶ್ವವಾಯು ಜಾಸ್ತಿ ಅಂತ 2023ರ ಒಂದು ಅಧ್ಯಯನ ಹೇಳಿತು. ದೇಹ ತಾನೇ ಎರಿಥ್ರಿಟಾಲ್ ತಯಾರಿಸುತ್ತದೆ, ಹಾಗಾಗಿ ತಿಂದಿದ್ದೆಷ್ಟು, ಒಳಗೇ ಆಗಿದ್ದೆಷ್ಟು ಅಂತ ಆ ಅಳತೆಯಿಂದ ತಿಳಿಯುವುದಿಲ್ಲ. ಆದರೆ ಅದೇ ಅಧ್ಯಯನದಲ್ಲಿ 8 ಆರೋಗ್ಯವಂತರಿಗೆ 30 ಗ್ರಾಂ ಕುಡಿಸಿದಾಗ, ರಕ್ತದಲ್ಲಿ ಅದರ ಪ್ರಮಾಣ ಹೆಪ್ಪುಗಟ್ಟುವಿಕೆಯನ್ನು ಹೆಚ್ಚಿಸಬಲ್ಲ ಮಟ್ಟದಲ್ಲೇ ಎರಡು ದಿನಕ್ಕೂ ಹೆಚ್ಚು ಕಾಲ ಇತ್ತು.