ಫ್ಲಾಶ್ ಪಾಯಿಂಟ್ ಅಂದ್ರೇನು?

ಟೊಲುಯೀನ್, ಅಸಿಟೋನ್, ಥಿನ್ನರ್ ಥರದ ಸಾಲ್ವೆಂಟ್ (ಪೇಂಟ್, ಅಂಟು ಥರದ್ದನ್ನ ಕರಗಿಸೋ ದ್ರವ) ಜೊತೆ ಬರೋ, ಅದರ ಅಪಾಯ, ಎಚ್ಚರಿಕೆ ಎಲ್ಲಾ ಬರೆದಿರೋ ಸೇಫ್ಟಿ ಡೇಟಾ ಶೀಟ್‌ನ 9ನೇ ಭಾಗದಲ್ಲಿ ಫ್ಲಾಶ್ ಪಾಯಿಂಟ್ ಅಂತ ಇಷ್ಟು ಡಿಗ್ರಿ ಅಂತ ಬರೆದಿರ್ತಾರೆ. ಉರಿಯೋದು ಯಾವಾಗ್ಲೂ ದ್ರವದ ಮೇಲೆ ಏಳೋ ಆವಿ, ಕಿಡಿ ತಾಗಿದ ತಕ್ಷಣ ಭಗ್ ಅನ್ನೋವಷ್ಟು ಆವಿ ಏಳೋಕೆ ಕನಿಷ್ಠ ಎಷ್ಟು ಬಿಸಿ ಬೇಕೋ ಅದೇ ಫ್ಲಾಶ್ ಪಾಯಿಂಟ್. ತಾನಾಗೇ ಹೊತ್ಕೊಳ್ಳೋ ಉಷ್ಣಾಂಶ ಬೇರೆ, ಟೊಲುಯೀನ್‌ಗೆ ಅದು 480 ಡಿಗ್ರಿ ಆಸುಪಾಸು, ಆದ್ರೆ ಫ್ಲಾಶ್ ಪಾಯಿಂಟ್ ಬರೀ 4 ಡಿಗ್ರಿ. ಅಸಿಟೋನ್‌ಗೆ ಮೈನಸ್ 20. ಅಂದ್ರೆ ಬೆಂಗಳೂರಿನ ಡಿಸೆಂಬರ್ ಚಳೀಲೂ ಮುಚ್ಚಳ ತೆಗೆದ ಕ್ಯಾನ್ ಕಿಡಿಗೋಸ್ಕರ ರೆಡಿ ಇರುತ್ತೆ. ನಮ್ಮ ಪೆಟ್ರೋಲಿಯಂ ಕಾಯ್ದೆ ಪ್ರಕಾರ 23 ಡಿಗ್ರಿಗಿಂತ ಕೆಳಗಿದ್ರೆ ಎ ಕ್ಲಾಸ್, ಟೊಲುಯೀನ್ ಪೆಟ್ರೋಲ್ ಎರಡೂ ಅದೇ ಸಾಲಲ್ಲಿ ಬರುತ್ವೆ.

ಟೊಲುಯೀನ್ ಆವಿ ಗಾಳಿಗಿಂತ ಮೂರು ಪಟ್ಟು ಭಾರ, ಹಾಗಾಗಿ ಮೇಲೆ ಹೋಗಲ್ಲ, ನೆಲ ಹಿಡ್ಕೊಂಡು ಹರಿದು ಚರಂಡಿಗೋ ಪಕ್ಕದ ರೂಮಿಗೋ ಸೇರಿ ಅಲ್ಲಿ ಗ್ರೈಂಡರ್ ಕಿಡಿ ಸಿಕ್ಕಿದ್ರೆ ಬೆಂಕಿ ಅದೇ ದಾರೀಲಿ ವಾಪಸ್ ಡ್ರಮ್‌ವರೆಗೂ ಬರುತ್ತೆ. ಡ್ರಮ್ಮಿಂದ ಡ್ರಮ್ಮಿಗೆ ಸುರಿಯುವಾಗ ಹುಟ್ಟೋ ಸ್ಟ್ಯಾಟಿಕ್ ಕರೆಂಟೂ ಸಾಕು, ಅದಕ್ಕೇ ಎರಡಕ್ಕೂ ವೈರ್ ಕ್ಲಿಪ್ ಹಾಕಿ ಅರ್ಥಿಂಗ್ ಕೊಡ್ಲೇಬೇಕು. 2020ರ ನವೆಂಬರಲ್ಲಿ ಮೈಸೂರು ರೋಡ್ ಹತ್ರ ಹೊಸಗುಡ್ಡದಹಳ್ಳೀಲಿ ಹೊತ್ತಿ ಉರಿದ ಕೆಮಿಕಲ್ ಗೋಡೌನ್ ಮನೆಗಳ ಮಧ್ಯೆನೇ ಇತ್ತು, ಇಂಥ ಸರಕನ್ನ ಜನ ವಾಸ ಮಾಡೋ ಕಡೆ ಇಡೋಕೆ ಬಿಡೋದೇ ದೊಡ್ಡ ತಪ್ಪು ಅಂತ ನನ್ನ ಅಭಿಪ್ರಾಯ.

ಇನ್ನು ಖಾಲಿ ಡ್ರಮ್. ತುಂಬಿದ್ದಕ್ಕಿಂತ ಇದೇ ಡೇಂಜರ್, ತಳದಲ್ಲಿ ಉಳಿದ ಒಂದಿಷ್ಟು ಸಾಲ್ವೆಂಟು ಆವಿಯಾಗಿ ಒಳಗಿನ ಗಾಳಿ ಜೊತೆ ಸರಿಯಾಗಿ ಬೆರೆತಿರುತ್ತೆ. ಗುಜರಿ ಅಂಗಡೀಲಿ ಅದನ್ನ ತೊಳೀದೆ ಗ್ಯಾಸ್ ಕಟಿಂಗ್ ಮಾಡೋಕೆ ಹೋದ್ರೆ ಡ್ರಮ್ ಸಿಡಿಯುತ್ತೆ.

ಆದ್ರೆ ಫ್ಲಾಶ್ ಪಾಯಿಂಟ್ ನೋಡಿ ಬೆಂಕಿ ಬಗ್ಗೆ ಮಾತ್ರ ಯೋಚನೆ ಮಾಡಿ ಬಿಡಬೇಡಿ, ಅದೇ ಆವಿ ಮೂಗೊಳಗೂ ಹೋಗ್ತಿರುತ್ತೆ. ಗಾಳೀಲಿ ಟೊಲುಯೀನ್ ಉರಿಯೋಕೆ ಹೆಚ್ಚುಕಮ್ಮಿ 11,000 ಪಿಪಿಎಂ (ಹತ್ತು ಲಕ್ಷ ಪಾಲು ಗಾಳೀಲಿ ಇಷ್ಟು ಪಾಲು ಆವಿ ಅಂತ) ಬೇಕು, ಜೀವಕ್ಕೆ ಅಪಾಯ ಅಂತ ಕೆಲಸಗಾರರ ಸುರಕ್ಷತೆ ನೋಡೋ ಅಮೆರಿಕದ ಸರ್ಕಾರಿ ಸಂಸ್ಥೆ ನಯೋಶ್ (NIOSH) ಇಟ್ಟಿರೋ ಮಟ್ಟ ಬರೀ 500. ಬೆಂಕಿ ಹತ್ತೋಕೆ ಮುಂಚೇನೇ ತಲೆನೋವು, ತಲೆಸುತ್ತು, ಮಂಪರು ಶುರುವಾಗಿರುತ್ತೆ. ಬೆಂಜೀನ್ ಅನ್ನೋ ಸಾಲ್ವೆಂಟ್ ಆದ್ರೆ ಇನ್ನೂ ಕೆಟ್ಟದು, ವರ್ಷಗಟ್ಲೆ ಉಸಿರಾಡಿದವರಿಗೆ ರಕ್ತದ ಕ್ಯಾನ್ಸರ್ ಬರಬಹುದು. ವಾಸನೆ ಬರ್ತಿಲ್ಲ ಅಂತ ನಂಬೋಕಾಗಲ್ಲ, ಸ್ವಲ್ಪ ಹೊತ್ತಿಗೆ ಮೂಗಿಗೆ ಅಭ್ಯಾಸ ಆಗೋಗುತ್ತೆ. ಮುಖಕ್ಕೆ ಕರ್ಚೀಫೋ ಧೂಳಿನ ಮಾಸ್ಕೋ ಕಟ್ಕೊಂಡ್ರೆ ಆವಿ ತಡಿಯಲ್ಲ, ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಡ್ಜ್ (ಸಾಲ್ವೆಂಟ್ ಆವಿ ಹೀರಿಕೊಳ್ಳೋ ಫಿಲ್ಟರ್ ಡಬ್ಬಿ) ಇರೋ ಮಾಸ್ಕೇ ಬೇಕು, ಜೊತೆಗೆ ನೆಲಮಟ್ಟದಿಂದ ಗಾಳಿ ಎಳೆಯೋ ಎಕ್ಸಾಸ್ಟೂ ಇರಬೇಕು.